ಗೌಡ್ರ ಹೊಲದ ಮ್ಯಾಲ ಎರಡ ಇಮಾನ

ಹೋದ ಹಂಗಾಮಿನ್ಯಾಗ ಇಂಡಿ ಊರ ಹೊರಗ ಡ್ರೋನ್ ಹಾರಸೂದು ಕಲಿಸೋ ಶಿಬಿರ ನಡದಿತ್ತು. ಹಳಬ ಅದಾನ, ನಾಕ ಮಾತು ಹೇಳ್ಲಿ ಅಂತ ನನ್ನೂ ಕರದಿದ್ರು. ಕುರ್ಚಿ ಮ್ಯಾಲ ಕುಂತು ಚಾ ಕುಡ್ಯಾಕತ್ತಿದ್ದೆ. ಅಷ್ಟರಾಗ ಎರಡ ಡ್ರೋನ್ ಒಂದಕ್ಕೊಂದು ಹಾಯ್ದು ತೊಗರಿ ಹೊಲದಾಗ ಬಿದ್ವು. ಹುಡುಗೂರು ಹೋ ಅಂತ ನಕ್ರು. "ಆಕಾಶ ಇಷ್ಟ ದೊಡ್ಡದೈತಿ, ಎರಡೂ ಅಲ್ಲೇ ಹೋಗಿ ಹಾಯಬೇಕಾ?" ಅಂತ ಒಬ್ಬಾಂವ ಚ್ಯಾಷ್ಟಿ ಮಾಡಿದ. ನನಗ ನಗಿ ಬರಲಿಲ್ಲ. ಇದ ಮಾತನ್ನ ನಾ ಎಪ್ಪತ್ತರ ದಶಕದಾಗ ಬ್ಯಾರೆ ಒಬ್ಬರ ಬಾಯಿಂದ ಕೇಳಿದ್ದೆ. ಅವರು ನಗಾಕತ್ತಿರಲಿಲ್ಲ.

ಮೈಕ್ ಕೈಯಾಗ ಕೊಟ್ಟ ಮ್ಯಾಲ ನನಗ ಹೇಳಬೇಕಂದದ್ದು ಹೇಳಾಕ ಆಗಲಿಲ್ಲ. ಶಿಸ್ತು, ಶ್ರಮ ಅಂತ ಏನೇನೋ ಮಾತಾಡಿ ಚಪ್ಪಾಳಿ ಹೊಡಿಸಿಕೊಂಡು ಬಂದೆ. ಅದಕ್ಕ ಈಗ ಬರದ ಇಡ್ತೇನಿ. ನಾ ಯಾವಾಗ ಸೂಪರ್‌ವೈಜರ್ ಆದೆ, ಯಾರ ಕೈಯಿಂದ ಶಾಲು ಹೊಚ್ಚಿಸಿಕೊಂಡೆ, ಅವೆಲ್ಲ ಬ್ಯಾಡ. ಅವು ನನ್ನ ಹೆಂಡ್ತಿಗೂ ನೆನಪಿಲ್ಲ.

ಆಗ ಬರ ಹಿಂದ ಬಿದ್ದು ಮಳಿ ಚಲೋ ಆಗಿತ್ತು. ಡೋಣಿ ಹರದ್ರ ಓಣೆಲ್ಲಾ ಕಾಳು ಅಂತಾರಲ್ಲ, ಹಂಗ ಡೋಣಿ ಹೊಳಿ ದಂಡಿ ಮ್ಯಾಲ ಜೋಳ, ಇತ್ತಾಗ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದಾಗ ಎಲ್ಲಿ ನೋಡಿದ್ರೂ ಹತ್ತಿ. ಹತ್ತಿ ಎದಿಮಟ ಬೆಳದ್ರ ಕಾಯಿ ಕೊರಿಯೋ ಹುಳಾನೂ ಸುಮ್ಮನ ಇರ್ತಾವೇನು? ಬೆನ್ನಿಗಿ ಪಂಪ್ ಕಟ್ಟಿಕೊಂಡು ಎಣ್ಣಿ, ಅಂದ್ರ ಹುಳಾ ಕೊಲ್ಲೋ ಔಷಧ, ಹೊಡದ್ರ ಒಂದ ದಂಡಿ ಮುಗಿಯೂದ್ರಾಗ ಇನ್ನೊಂದ ದಂಡಿ ಹುಳದ ಪಾಲು ಆಗ್ತಿತ್ತು. ಅದಕ್ಕ ಸರಕಾರದವರು ಇಮಾನದಿಂದ ಎಣ್ಣಿ ಹೊಡಸಾಕ ಸುರು ಮಾಡಿದ್ರು. ಇಂಡಿ, ಬಾಗೇವಾಡಿ ನಮ್ಮ ಕಂಪನಿಗಿ ಬಂತು. ಸಿಂದಗಿ, ಮುದ್ದೇಬಿಹಾಳ ಇನ್ನೊಂದ ಕಂಪನಿಗಿ ಹೋತು. ನಮ್ಮ ಇಮಾನ ಬಿಳಿ, ಅವರದು ಹಳದಿ. ಎರಡೂ ಸಣ್ಣೂವು. ಒಬ್ಬ ಪೈಲಟ್ ಕೂಡಾಕ ಜಾಗಾ, ಅವನ ಮುಂದ ಎಣ್ಣಿ ತುಂಬೋ ಡ್ರಮ್ಮು, ಅಷ್ಟ. ರೇಡಿಯೊ ಇರಲಿಲ್ಲ. ಮ್ಯಾಲ ಹೋದ ಪೈಲಟ್‌ನ ಕೂಡ ಮಾತಾಡಾಕ ದೇವರ ಒಬ್ಬನ ಇದ್ದ.

ನನಗ ಆ ಕಂಪನ್ಯಾಗ ನಿಶಾನಿ ಹಿಡಿಯೋ ಮಂದೀನ ನೋಡಿಕೊಳ್ಳೋ ಕೆಲಸ ಸಿಕ್ಕಿದ್ದು ರೈಲ್ವೆ ಪುಣ್ಯಾದಿಂದ. ಅದಕಿಂತ ಮದ್ಲ ಲಚ್ಯಾಣದ ಕಡಿ ಹಳಿ ಮ್ಯಾಲ ಹಂಗಾಮಿ ಕೆಲಸಕ್ಕಿದ್ದೆ. ಹಸರ ನಿಶಾನಿ, ಕೆಂಪ ನಿಶಾನಿ ಗೊತ್ತಿದ್ವು. ಇನ್ನೊಂದ ಮಾತೂ ಅಲ್ಲೇ ಕಲ್ತೆ. ಅಲ್ಲಿ ಎರಡೂ ಕಡಿ ಗಾಡಿಗೆ ಇದ್ದದ್ದು ಒಂದ ಹಳಿ. ಸ್ಟೇಶನ್ ಮಾಸ್ತರು ಡ್ರೈವರನ ಕೈಯಾಗ ಒಂದ ಗೋಲಾ ಕೊಡ್ತಿದ್ರು, ಬಳಿಗೆ ಕಟ್ಟಿದ ಚೀಲದಾಗ ಒಂದ ಲೋಹದ ಗುಂಡು. ಅದು ಯಾರ ಕೈಯಾಗ ಇರ್ತದೋ ಅವನ ಗಾಡಿ ಅಷ್ಟ ಮುಂದಿನ ಸ್ಟೇಶನ್‌ಗೆ ಹೋಗಬೇಕು. ಗೋಲಾ ಇಲ್ಲದಾಂವ ಎಂಥಾ ಡ್ರೈವರ್ ಇದ್ರೂ ನಿಂದ್ರಬೇಕು. ಈ ಗೋಲಾದ ಮಾತು ನೆನಪಿಟ್ಟುಕೊಳ್ರಿ, ಮುಂದ ಬರ್ತದ.

ಎರಿ ಭೂಮ್ಯಾಗ ಮಳಿ ಬಿದ್ರ ಎತ್ತಿನ ಕಾಲ ಹುಗೀತಾವ, ಇಮಾನ ಎಲ್ಲಿಂದ ಏಳಬೇಕು? ಅದಕ್ಕ ಗರಸಿನ ಮಡ್ಡಿ ಹುಡುಕಿ, ಕಲ್ಲ ಆರಿಸಿ, ಎತ್ತು ಹೂಡಿ ಕಾಳ ತುಳಿಸೋ ಹಂತಿ ಗುಂಡ ಎಳಸಿ ನೆಲಾ ಗಟ್ಟಿ ಮಾಡ್ತಿದ್ವಿ. ಮದ್ಲ ಹೊರ್ತಿ ಕಡಿ ಮಾಡಿದ್ವಿ, ಆಮ್ಯಾಲ ಕೆಲಸ ಸರದಂಗ ಸಿಂದಗಿ ಗಡಿ ಸಮೀಪಕ್ಕ ಬಂದ್ವಿ. ಮಂದಿ ಅದಕ್ಕ ಇಮಾನದ ಕಣ ಅಂತಿದ್ರು. ನಮ್ಮ ಮ್ಯಾನೇಜರ್ ದೇಶಪಾಂಡೆ ಸಾಹೇಬ್ರು ಕಾಗದದಾಗ ಏರ್‌ಸ್ಟ್ರಿಪ್ ಅಂತ ಬರೀತಿದ್ರು, ಬಾಯಾಗ ಅವರೂ ಕಣ ಅಂತಿದ್ರು.

ಕೆಲಸ ಹಿಂಗಿತ್ತು. ಹೊಲದ ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ ಬಿಳಿ ನಿಶಾನಿ ಹಿಡಕೊಂಡು ನಿಂದರಬೇಕು. ಪೈಲಟ್ ಆ ಎರಡ ಬಿಳಿ ನೋಡಿ ಸಾಲ ಹಿಡದು, ಹತ್ತಿ ತುದಿ ಸವರಿದಂಗ ಬಂದು, ಎಣ್ಣಿ ಬಿಟ್ಟು ಮ್ಯಾಲ ಏಳಬೇಕು. ಇಮಾನ ಬರೂಕಿಂತ ಮದ್ಲ ನಿಶಾನಿಯವ ಗಾಳಿ ಬರೋ ಕಡಿ ಸರೀಬೇಕು, ಇಲ್ಲಾಂದ್ರ ಎಣ್ಣಿ ಅವನ ಮೈಮ್ಯಾಲ. ಮಾರಿಗೆ ಒಂದ ವಸ್ತ್ರ ಬಿಟ್ರ ಮತ್ತೇನೂ ಇರಲಿಲ್ಲ. ಈಗ ನೆನದ್ರ ಸಿಟ್ಟು ಬರ್ತದ. ಡ್ರೋನ್ ಹಾರಸೋ ಹುಡುಗೂರ, ನೀವು ಕೈಗವಸು, ಕನ್ನಡಕ ಇಲ್ಲದ ಎಣ್ಣಿ ಡಬ್ಬಿ ಮುಚ್ಚಳಾ ತಗೀಬ್ಯಾಡ್ರಿ, ಯಾರ ಏನ ಅಂದ್ರೂ.

ನಿಶಾನಿ ಹಿಡಿಯಾಕ ಮಂದಿ ಸಿಗೂದ ಕಷ್ಟ ಆಗಿತ್ತು. ಬಾಗೇವಾಡಿ ಕಡಿ ಮದ್ಲನೇ ದಿನ ಒಬ್ಬ ಪೈಲ್ವಾನನ್ನ ನಿಂದರಿಸಿದ್ದೆ. ಕುಸ್ತ್ಯಾಗ ಎಂಥೆಂಥವರನ್ನ ಚಿತ್ ಮಾಡಿದಾಂವ. ಇಮಾನ ನೆಟ್ಟಗ ಎದಿಗೆ ಬಂದಂಗ ಬಂತು ನೋಡ್ರಿ, ನಿಶಾನಿ ಒಗದು ಓಟ ಕಿತ್ತ. ಒಂದ ಚಪ್ಲಿ ಇವತ್ತಿಗೂ ಆ ಹೊಲದಾಗ ಇರಬೇಕು. ಆಮ್ಯಾಲ ಕುರಿ ಕಾಯೋ ಮಾಳಪ್ಪನ್ನ ಹಿಡದೆ. ಐವತ್ತರ ಆಸುಪಾಸಿನ ಮನಶ್ಯಾ, ಮಾತು ಕಡಿಮಿ. "ತೋಳಕ್ಕ ಅಂಜಿಲ್ಲ, ಈ ತಗಡಿಗೆ ಅಂಜಲ್ಯಾ?" ಅಂದ. ಅವ ಬಂದ ಮ್ಯಾಲ ಅವನ ಕೂಡ ನಾಕ ಮಂದಿ ಕುರುಬರು ಬಂದ್ರು. ಅವರ ಹೆಗಲ ಮ್ಯಾಲ ಕರಿ ಕಂಬಳಿ, ಮಳಿ ಇರಲಿ ಬಿಸಲ ಇರಲಿ.

ಆ ಕಂಬಳಿ ನೋಡಿ ನನಗ ಒಂದ ಬುದ್ಧಿ ಹೊಳೀತು. ಪೈಲಟ್‌ಗೆ "ಬಾ" ಅನ್ನಾಕ ನಿಶಾನಿ ಐತಿ. "ಬರಬ್ಯಾಡ" ಅನ್ನಾಕ ಏನೈತಿ? ಕೂಗಿದ್ರ ಕೇಳಂಗಿಲ್ಲ. ಕೆಂಪ ಬಟ್ಟಿ ಬೀಸಿದ್ರ ಹೊಲದಾಗ ಯಾರೋ ಹೆಣ್ಮಗಳು ಕಸಾ ತಗ್ಯಾಕತ್ತಾಳ ಅಂತ ತಿಳೀತಾರ. ಅದ ನಿಶಾನಿ ನೆಲಕ್ಕ ಮಲಗಿಸಿ ಮ್ಯಾಲ ಕರಿ ಕಂಬಳಿ ಒಗದ್ರ? ಎರಿ ನೆಲಾ ಕರೀದು, ಕಂಬಳೀನೂ ಕರೀದು. ಮ್ಯಾಲಿಂದ ನೋಡಾಂವಗ ಅಲ್ಲಿ ಏನೂ ಇಲ್ಲ. ನಿಶಾನಿ ಕಾಣಲಿಲ್ಲಂದ್ರ ಮ್ಯಾಲ ಏಳು, ಬಲಕ್ಕ ಹೊಳ್ಳು ಅನ್ನೂದು ಪೈಲಟ್‌ಗಳ ಕಾಯಂ ಪದ್ಧತಿ, ಕಂಪನಿ ಯಾವುದ ಇರಲಿ. ಹಂಗಾರ ಇಮಾನ ನಿಂದರಸಾಕ ನಾವು ಮ್ಯಾಲ ಏನೂ ಕಳಿಸೂದು ಬ್ಯಾಡ, ಇದ್ದದ್ದು ಮುಚ್ಚಿದ್ರ ಸಾಕು. ಒಂದ ದಿನ ಮಾಡಿ ನೋಡಿದ್ವಿ. ನಮ್ಮ ಪೈಲಟ್ ಕ್ಯಾಪ್ಟನ್ ಸೋಧಿ ಇಳದು ಬಂದವರ, "ಸಿದ್ದು, ನಿನ್ನ ಮಂದೀನ ಭೂಮಿ ನುಂಗಿತಲ್ಲೋ!" ಅಂತ ನನ್ನ ಬೆನ್ನಿಗೆ ಒಂದ ಬಿಟ್ರು. ಖುಷಿಯಾದ್ರ ಅವರ ಕೈ ಹಂಗ.

ಸೋಧಿ ಸಾಹೇಬ್ರು ಪಂಜಾಬದ ಸರದಾರ್ರು. ಅವರದು ಪಂಜಾಬಿ ಹಿಂದಿ, ನಂದು ಬಿಜಾಪುರ ಹಿಂದಿ, ಎರಡೂ ಕೂಡಿ ಮೂರನೇದೊಂದು ಭಾಷಾ ಆಗಿತ್ತು. ತಲಿಗೆ ನೀಲಿ ಪಗಡಿ. ಹಾರೂವಾಗ ಟೊಪಗಿ ಹಾಕ್ರಿ ಅಂತ ಕಂಪನಿಯವರು ಹೇಳಿದ್ರ, "ತಲಿ ಹೋದ್ರ ಹೋಗ್ಲಿ, ಪಗಡಿ ತಗಿಯಂಗಿಲ್ಲ" ಅಂತಿದ್ರು. ನಮ್ಮ ಹಳ್ಳಿ ಹಿರ್ಯಾರಿಗಿ ಇದೊಂದ ಮಾತಿನ ಮ್ಯಾಲ ಅವರು ಮನಿ ಮಗನಷ್ಟ ಸೇರಿದ್ರು. ರೊಟ್ಟಿ, ಎಣ್ಣಿಗಾಯಿ, ಕೆನಿ ಮೊಸರು ಕಟ್ಟಿಕೊಂಡು ಕಣಕ್ಕ ಬರ್ತಿದ್ರು. ಇಮಾನದ ಪಂಖಾಕ್ಕ ಕುಂಕುಮ ಹಚ್ಚಿ ಕಾಯಿ ಒಡೀತಿದ್ರು.

ಒಂದ ಮಧ್ಯಾಹ್ನ ಬನ್ನಿ ಗಿಡದ ನೆರಳಾಗ ಕುಂತಾಗ ಸಾಹೇಬ್ರು ತಮ್ಮ ಗೆಳ್ಯಾನ ಸುದ್ದಿ ತಗದ್ರು. ಅವನೂ ಬ್ಯಾರೆ ಸೀಮ್ಯಾಗ ಹಿಂಗ ಎಣ್ಣಿ ಹೊಡ್ಯಾಕ ಹೋದಾಂವ. ಅದ ಹೊಲಕ್ಕ ಇನ್ನೊಂದ ಇಮಾನ ಬಂದು, ಎರಡೂ ಗಾಳ್ಯಾಗ ಹಾಯ್ದು ಬಿದ್ದಿದ್ವು. "ಇಷ್ಟ ದೊಡ್ಡ ಆಕಾಶ, ಸಿದ್ದು, ಇಬ್ಬರೂ ಅಲ್ಲೇ ಹೋಗಿ ಹಾಯಬೇಕಾ?" ಅಂದ್ರು. ಆಮ್ಯಾಲ ಅವರ ಹೇಳಿದ್ರು: "ಎಣ್ಣಿ ಹೊಡಿಯೂವಾಗ ನಾವು ಆಕಾಶ ನೋಡಂಗಿಲ್ಲ. ನಿನ್ನ ನಿಶಾನಿ ನೋಡ್ತೇವಿ. ಇಬ್ಬರಿಗೂ ಒಂದ ನಿಶಾನಿ ಕಂಡ್ರ ಇಬ್ಬರೂ ಅಲ್ಲಿಗೇ ಬರ್ತೇವಿ. ಆಕಾಶ ದೊಡ್ಡದೈತಿ, ಹೊಲ ಸಣ್ಣದೈತಿ." ಊರಾಗ ಅವರ ಹೆಂಡ್ತಿ ಆಗ ಚೊಚ್ಚಲ ಬಸರಿ. ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಕೆಳಗಿಂದ ನನ್ನ ನೋಡ್ಕೊ ಮಾರಾಯ" ಅಂದ್ರು. ಆ ಕೈ ಭಾರ ಹಂಗಾಮ ಮುಗಿಯೂಮಟ ನನ್ನ ಹೆಗಲ ಮ್ಯಾಲಿಂದ ಇಳೀಲಿಲ್ಲ.

ನಾ ದೇಶಪಾಂಡೆ ಸಾಹೇಬ್ರನ್ನ ಬೆನ್ನ ಹತ್ತಿದೆ. "ಸಿಂದಗಿ ಕಡಿ ಹಳದಿ ಇಮಾನ ಯಾವಾಗ ಏಳ್ತದ, ಯಾವ ಹೊಲಕ್ಕ ಬರ್ತದ, ನಮಗ ಗೊತ್ತಿಲ್ಲ. ನಮ್ಮದು ಅವರಿಗಿ ಗೊತ್ತಿಲ್ಲ. ಯಾರಾರ ನಡುವ ಬೇಕ್ರಿ" ಅಂದೆ. ಸಾಹೇಬ್ರು ಒಳ್ಳೆ ಮನಶ್ಯಾ, ಆದ್ರ ಎಲ್ಲಾದಕ್ಕೂ ಮ್ಯಾಲೊಬ್ಬ ಇರ್ತಾನ ಅಂತ ನಂಬಿದವರು. "ವಿಮಾನ ಅಂದ ಮ್ಯಾಲ ಕಂಟ್ರೋಲ್ ಟವರ್ ಇರ್ತದಪಾ. ಹೋಗಿ ತಿಳಿಸಿ ಬಾ" ಅಂತ ದೂರದ ದೊಡ್ಡ ಊರಿಗೆ ಬಸ್ ಹತ್ತಿಸಿದ್ರು.

ಆ ಟವರಿನ್ಯಾಗ ಕುಂತವರು ಮೈಸೂರ ಕಡ್ಯಾವರು, ಭಾಳ ಮರ್ಯಾದಸ್ಥರು. ನನ್ನ ಮಾತು ಪೂರ್ತಿ ಕೇಳಿದ್ರು. ಆಮ್ಯಾಲ ಕಿಡಕಿ ಹತ್ರ ಕರಕೊಂಡು ಹೋಗಿ ಹೇಳಿದ್ರು: "ನೋಡಿ ಸಿದ್ದಪ್ಪನವರೇ, ನನಗೆ ಕಣ್ಣು ಇಷ್ಟು ದೂರ, ಕಿವಿ ರೇಡಿಯೊ ಇದ್ದವರಷ್ಟು. ನಿಮ್ಮ ವಿಮಾನಗಳು ಗಿಡದ ತುದಿಯಲ್ಲಿ ಹಾರುತ್ತವೆ, ಮಾತೂ ಆಡುವುದಿಲ್ಲ. ಅವು ಹಾರುತ್ತಿವೆಯೋ ಇಲ್ಲವೋ ಅನ್ನುವುದೇ ನನಗೆ ತಿಳಿಯುವುದಿಲ್ಲ. ಸುಮ್ಮನೆ ಹೂಂ ಅಂದುಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಅಲ್ಲಿ ನಿಮಗೆ ನೀವೇ ಟವರು." ಚಾ ಕುಡಿಸಿ, ಬಸ್ ಸ್ಟ್ಯಾಂಡ್‌ಮಟ ಬಂದು ಕಳಿಸಿದ್ರು. ತನ್ನ ಕೈ ಎಲ್ಲಿಮಟ ಮುಟ್ಟತದ ಅಂತ ನೆಟ್ಟಗ ಹೇಳೋ ಅಧಿಕಾರಿ ನನಗ ಆಮ್ಯಾಲ ಭಾಳ ಮಂದಿ ಸಿಗಲಿಲ್ಲ.

ಹೊಳ್ಳಿ ಬಂದು ನಾ ಗೋಲಾದ ಮಾತು ತಗದೆ. "ಗಡಿ ಹೊಲಕ್ಕ ಒಂದ ಗೋಲಾ ಮಾಡೂಣ್ರಿ. ಅದು ಯಾರ ಕಣದಾಗ ಇರ್ತದೋ ಅವರ ಇಮಾನ ಅಷ್ಟ ಅಲ್ಲಿಗೆ ಹೋಗಲಿ" ಅಂದೆ. ದೇಶಪಾಂಡೆ ಸಾಹೇಬ್ರು ನಕ್ಕು ನಕ್ಕು ಕೆಮ್ಮಿದ್ರು. "ಏನ ಸಿದ್ದಪ್ಪ, ಆಕಾಶದಾಗ ಹಳಿ ಹಾಕ್ತಿಯೇನು? ತಾಲೂಕಿಗೆ ಗಡಿ ಐತಲ್ಲ, ಸಾಕು." "ಗಡಿಕಲ್ಲು ಮ್ಯಾಲಿಂದ ಕಾಣಂಗಿಲ್ರಿ ಸಾಹೇಬ್ರ" ಅಂದೆ. "ನಿನಗ ಟವರ್ ಹತ್ತಿ ಬಂದಾಗಿಂದ ತಲಿ ಮ್ಯಾಲ ಏರೇತಿ" ಅಂದ್ರು. ಅಲ್ಲಿಗೆ ಮುಗೀತು.

ಅದ ವಾರದಾಗ ಮುದ್ದೇಬಿಹಾಳ ಕಡಿಯಿಂದ ಒಂದ ಸುದ್ದಿ ಬಂತು. ಡೋಣಿ ದಂಡಿ ಮ್ಯಾಲ ಅಗಸರು ಮದುವಿ ಮನಿ ಧೋತರ ಒಗದು ಸಾಲಾಗಿ ಒಣ ಹಾಕಿದ್ರಂತ. ಹಳದಿ ಇಮಾನದ ಪೈಲಟ್ ಆ ಬಿಳಿ ಸಾಲ ನೋಡಿ ಇದ ನಿಶಾನಿ ಅಂತ ತಿಳದು ಎಲ್ಲಾ ಧೋತರದ ಮ್ಯಾಲ ಎಣ್ಣಿ ಹೊಡದು ಹೋಗಿದ್ದ. ಬೀಗರು ಆ ವಾಸನಿ ಧೋತರ ಉಟ್ಟುಕೊಂಡ ಅಕ್ಕಿಕಾಳಿಗೆ ನಿಂತ್ರಂತ. ಮಂದಿ ಹೊಟ್ಟಿ ಹಿಡಕೊಂಡು ನಕ್ರು, ನಾನೂ ನಕ್ಕೆ. ಆದ್ರ ನನ್ನ ಎದ್ಯಾಗ ಒಂದ ಹುಳಾ ಹೊಕ್ಕಿತು. ಮ್ಯಾಲಿದ್ದಾಂವಗ ಬಿಳೀದೆಲ್ಲಾ ನಿಶಾನಿ. ನಮ್ಮ ಸೀಮ್ಯಾಗ ಗಂಡಸರ ತಲಿ ಮ್ಯಾಲ ಏನಿರ್ತದ? ಬಿಳಿ ರುಮಾಲ.

ಈಗ ಗುರಪ್ಪಗೌಡ್ರ ಮಾತಿಗೆ ಬರ್ತೇನಿ. ಅವರ ಊರು ಇಂಡಿ, ಸಿಂದಗಿ ಗಡಿ ಮ್ಯಾಲ, ಹೆಸರು ಬ್ಯಾಡ. ಹತ್ತಿ ಹೊಲ ಅರ್ಧ ಈ ತಾಲೂಕು, ಅರ್ಧ ಆ ತಾಲೂಕು. ಗೌಡ್ರು ಎತ್ತರದ ಆಳು, ಗಿರಿಜಾ ಮೀಸಿ, ತಲಿ ಮ್ಯಾಲ ಹಂಸದಂಥಾ ಬಿಳಿ ರುಮಾಲ. ಇಮಾನ ಯಾವ ಕಡೀದು ಮದ್ಲ ಬರ್ತದೋ ಏನೋ ಅಂತ ಅವರು ಎರಡೂ ತಾಲೂಕಿನ್ಯಾಗ ಹೆಸರ ಕೊಟ್ಟಿದ್ರು. ಅವರ ಮನಸಿನ್ಯಾಗ ಮೋಸ ಇರಲಿಲ್ಲ. ಹೆಣ್ಣ ನೋಡಾಕ ಎರಡ ಊರಿಗೆ ಹೇಳಿ ಕಳಿಸಿದ್ರ ಒಂದರೆ ಗಟ್ಟಿ ಆಗ್ತದ ಅನ್ನೋ ಲೆಕ್ಕ. ಎರಡೂ ಒಂದ ದಿನ ಬರ್ತಾವ ಅಂತ ಅವರಿಗೇನ ಕನಸ ಬಿದ್ದಿತ್ತೇನು?

ಬಂದ್ವು. ಒಂದ ಮುಂಜಾನಿ, ಸೂರ್ಯ ಆಗ ಎದ್ದು ಕಣ್ಣಿಗೆ ನೆಟ್ಟಗ ಬಡಿಯೋ ಹೊತ್ತು. ಗಾಳಿ ಇರಲಿಲ್ಲ, ಎಣ್ಣಿ ಹೊಡ್ಯಾಕ ಬೇಷ್ ಹವಾ. ನಾನೂ ಮಾಳಪ್ಪನೂ ನಮ್ಮ ಕಡಿ ತುದಿಗೆ ನಿಂತಿದ್ವಿ. ಸೋಧಿ ಸಾಹೇಬ್ರು ಎರಡ ಸಾಲ ಹೊಡದು ಮುಗಿಸಿ, ಮೂರನೇದಕ್ಕ ಪಡುವಣದ ಕಡಿ ದೂರ ಹೋಗಿದ್ರು. ಹೊಲದ ನಡು ಒಡ್ಡಿನ ಮ್ಯಾಲ ಗೌಡ್ರು, ಅವರ ಅಣ್ಣತಮ್ಮರು, ಊರ ಹಿರ್ಯಾರು ಸಾಲಾಗಿ ನಿಂತು ತಮಾಷಿ ನೋಡಾಕತ್ತಿದ್ರು. ಎಲ್ಲಾರ ತಲಿ ಮ್ಯಾಲ ಬಿಳಿ ರುಮಾಲ, ಮೈಮ್ಯಾಲ ಬಿಳಿ ಅಂಗಿ. ಖುಷಿಗೆ ಹೆಗಲ ಮ್ಯಾಲಿನ ವಸ್ತ್ರ ತಿರುವಾಕತ್ತಿದ್ರು.

ಅಷ್ಟರಾಗ ಮಾಳಪ್ಪ ಮೂಡಣಕ್ಕ ಮಾರಿ ಮಾಡಿ, "ಸಿದ್ದಪ್ಪಣ್ಣ, ಆ ಕಡಿ ಇನ್ನೊಂದ ಗುಂಯ್ಯ ಅನ್ನಾಕತ್ತೈತಿ" ಅಂದ.

ನೋಡತೇನಿ, ಸೂರ್ಯನ ಕೆಳಗ ಹಳದಿ ಇಮಾನ. ದೂರ ಹೋಗಿ ಹೊಳ್ಳಿ, ಸಾಲ ಹಿಡದು ಕೆಳಗ ಇಳ್ಯಾಕತ್ತಿತ್ತು. ಪಡುವಣದಾಗ ನಮ್ಮ ಬಿಳಿ ಇಮಾನಾನೂ ಹೊಳ್ಳಿತ್ತು. ಅದೂ ಕೆಳಗ ಇಳ್ಯಾಕತ್ತಿತ್ತು. ಎರಡಕ್ಕೂ ನಡುವ ಗೌಡ್ರ ಹೊಲ. ಸೋಧಿ ಸಾಹೇಬ್ರ ಕಣ್ಣಾಗ ಸೂರ್ಯ, ಹಳದಿ ಇಮಾನದವನ ಕಣ್ಣು ಬೆಳಿ ಮ್ಯಾಲ. ಒಬ್ಬರಿಗೊಬ್ಬರು ಕಾಣೂದು ಶಕ್ಯ ಇರಲಿಲ್ಲ.

"ಮುಚ್ಚೋ ಮಾಳಪ್ಪಾ!" ಅಂದೆ. ಮಾಳಪ್ಪ ನಿಶಾನಿ ಮಲಗಿಸಿ ಕಂಬಳಿ ಒಗದ. ಆ ತುದಿಯವನೂ ನಮ್ಮನ್ನ ನೋಡಿ ಒಗದ. ನಾ ಕಣ್ಣ ಎತ್ತಿ ನೋಡಿದ್ರ ಬಿಳಿ ಇಮಾನ ಏಳವಲ್ಲದು! ಹಂಗ ಇಳ್ಯಾಕತ್ತೈತಿ. ಯಾಕಂತ ಆಗ ತಿಳೀತು. ನಮ್ಮ ಎರಡ ನಿಶಾನಿ ಹೋದ್ರೇನಾತು, ಒಡ್ಡಿನ ಮ್ಯಾಲ ರುಮಾಲಿ ಸಾಲ ಬೆಳ್ಳಗ ಬೀಸ್ಯಾಡಾಕತ್ತಿತ್ತು. ಸಾಹೇಬ್ರಿಗಿ ಅದ ನಿಶಾನಿ. ಅವರ ನಿಶಾನಿ ಮಂದಿ ಇನ್ನೂ ಬಂದಿರಲಿಲ್ಲ, ಹಳದಿ ಇಮಾನದವಗೂ ಅದ ನಿಶಾನಿ.

ನಾ ಓಡಿದೆ. ಎರಿ ಹೆಂಟಿ ಮ್ಯಾಲ ಬಿದ್ದೆ, ಎದ್ದೆ, ಒಡ್ಡು ಹತ್ತಿದೆ. "ವಸ್ತ್ರ ಕೆಳಗ ಮಾಡ್ರಿ! ರುಮಾಲ ತಗೀರಿ! ಗೌಡ್ರ, ರುಮಾಲ ತಗೀರಿ!"

ಎಲ್ಲಾರೂ ಕಲ್ಲಾಗಿ ನಿಂತ್ರು. ಈಗಿನ ಹುಡುಗೂರಿಗಿ ಇದು ತಿಳಿಯಂಗಿಲ್ಲ. ನಮ್ಮ ಕಡಿ ಗಂಡಸು ನಾಕ ಮಂದ್ಯಾಗ ರುಮಾಲ ತಗಿಯೂದು ಮನ್ಯಾಗ ಹಿರ್ಯಾರು ಸತ್ತಾಗ ಅಷ್ಟ. ಹಂಗ ತಗದದ್ದನ್ನ ತಾನ ಸುತ್ತಿಕೊಳ್ಳಂಗಿಲ್ಲ, ದಿನಕರ್ಮ ಮುಗದ ಮ್ಯಾಲ ಬೀಗರು ಬಂದು ಸುತ್ತಿಸಬೇಕು. ಊರಗೌಡಗ ಹೊಲದಾಗ ನಿಂತು ಒಬ್ಬ ಕೂಲಿ ಸೂಪರ್‌ವೈಜರ್ ರುಮಾಲ ತಗಿ ಅಂದ್ರ ಅದು ಬಡಿಗಿ ಎತ್ತೂ ಮಾತು.

"ಏನಂದಿ?" ಅಂದ್ರು ಗೌಡ್ರು. "ನಮ್ಮಪ್ಪ ಸತ್ತಾಗ ತಗದೇನಿ. ಮತ್ತ ತಗದಿಲ್ಲ."

ನನ್ನ ಬಾಯಾಗ ಅದೆಲ್ಲಿಂದ ಬಂತೋ ಶಿವನ ಬಲ್ಲ. "ಈಗ ಇಬ್ಬರು ಸಾಯ್ತಾರ್ರಿ ಗೌಡ್ರ, ನಿಮ್ಮ ಹೊಲದಾಗ. ಸತ್ತ ಮ್ಯಾಲ ಹೆಂಗೂ ತಗೀತೀರಿ. ಸಾಯೂಕಿಂತ ಮದ್ಲ ತಗೀರಿ!"

ಗೌಡ್ರು ಒಮ್ಮಿ ಮೂಡಣ ನೋಡಿದ್ರು, ಒಮ್ಮಿ ಪಡುವಣ ನೋಡಿದ್ರು. ಎರಡೂ ಕೈ ತಲಿಗೆ ಹಾಕಿ ರುಮಾಲ ಕಿತ್ತು ನೆಲಕ್ಕ ಒಗದು, ಅದರ ಮ್ಯಾಲ ಬೋರಲ ಬಿದ್ರು. ಗೌಡ್ರ ತಗದ ಮ್ಯಾಲ ಉಳದವರೇನು? ಒಬ್ಬೊಬ್ಬರದೂ ಕಿತ್ತು ಹತ್ಯಾಗ ಬಿದ್ರು. ಒಡ್ಡಿನ ಬುಡಕ್ಕ ಕುಂತಿದ್ದ ಮಾಳಪ್ಪನ ಉಳದ ಮಂದಿ ಅವರ ಅಂಗಿ ಮ್ಯಾಲ ಕಂಬಳಿ ಒಗದ್ರು. ಒಡ್ಡು ಕರ್ರಗಾತು.

ಆಗ ಬಿಳಿ ಇಮಾನ ಮೂಗ ಎತ್ತಿ ಬಲಕ್ಕ ವಾಲಿತು. ಹಳದೀನೂ ಮೂಗ ಎತ್ತಿ ತನ್ನ ಬಲಕ್ಕ ವಾಲಿತು. ನಮ್ಮ ತಲಿ ಮ್ಯಾಲ ಎರಡೂ ಒಂದರ ಬಾಜೂಕ ಒಂದು ಹಾದು ಹೋದ್ವು. ನಡುವ ಒಂದ ಬನ್ನಿ ಗಿಡ ಹಿಡಸೋವಷ್ಟ ಜಾಗಾ ಇತ್ತು. ಆ ಸಪ್ಪಳಕ್ಕ ಕಿವಿ ಮುಚ್ಚಿಹೋದ್ವು. ತಲಿ ಎತ್ತಿ ನೋಡಿದ್ರ ಒಂದ ಈ ಕಡಿ, ಒಂದ ಆ ಕಡಿ ಸಣ್ಣ ಆಗಾಕತ್ತಿದ್ವು. ನಾ ಅಲ್ಲೇ ಕುಂತು ಅತ್ತೆ. ಯಾರಿಗೂ ನಾಚಲಿಲ್ಲ.

ಮರುದಿನ ದೇಶಪಾಂಡೆ ಸಾಹೇಬ್ರು ತಾವ ಜೀಪ ತಗೊಂಡು ಮೋರಟಗಿ ಕಡಿ ಹಳದಿ ಇಮಾನದ ಕಣಕ್ಕ ಹೋದ್ರು, ನನ್ನೂ ಕರಕೊಂಡು. ಅಲ್ಲಿ ಕುಂತು, "ನಮ್ಮ ಸಿದ್ದಪ್ಪ ಒಂದ ಗೋಲಾದ ಮಾತು ಹೇಳ್ತಾನ, ಕೇಳ್ರಿ" ಅಂದ್ರು. ನಕ್ಕವರು ಅವರ, ಹೋಗಿ ಮಾತಾಡಿದವರೂ ಅವರ. ಅದಕ್ಕ ಅವರ ಮ್ಯಾಲ ನನಗ ಇವತ್ತಿಗೂ ಸಿಟ್ಟಿಲ್ಲ. ಎತ್ತಿನ ಕೊರಳಿನ ಒಂದ ಹಿತ್ತಾಳಿ ಗಂಟಿನ್ನ ಗೋಲಾ ಮಾಡಿದ್ವಿ. ಗಂಟಿ ನಮ್ಮ ಕಣದಾಗ ಇದ್ರ ಗಡಿ ಹೊಲಕ್ಕ ನಮ್ಮ ಇಮಾನ. ಅವರ ಮನಶ್ಯಾ ಮೋಟಾರ್‌ಸೈಕಲ್ ಮ್ಯಾಲ ಬಂದು ಒಯ್ದ ಮ್ಯಾಲ ಅವರ ಇಮಾನ. ಇನ್ನ ಹೊಲದ ಹತ್ರ ತಮಾಷಿ ನೋಡಾಕ ಬಂದವರನ್ನ ಗಿಡದ ಬುಡಕ್ಕ ನಿಂದರಿಸಿದ್ವಿ. ಆ ಸೀಮ್ಯಾಗ ಹಂಗಾಮ ಮುಗಿಯೂಮಟ ಎರಡ ಇಮಾನ ಒಂದ ಹೊಲದ ಮ್ಯಾಲ ಕೂಡಲಿಲ್ಲ. ಇದನ್ನ ನಾ ಎದಿ ತಟ್ಟಿ ಹೇಳ್ತೇನಿ.

ಡ್ರೋನ್ ಹಾರಸೋ ಹುಡುಗೂರಿಗಿ ನಾ ಮೈಕಿನ್ಯಾಗ ಹೇಳಬೇಕಂದದ್ದು ಇಷ್ಟ. ಹಾರಸೂದು ಯಾರರೆ ಕಲಿಸ್ತಾರ. ಹಾರೂಕಿಂತ ಮದ್ಲ ಬಾಜೂ ಹೊಲದಾಂವ ಹಾರಸಾಕತ್ತಾನೇನು ಅಂತ ಹೋಗಿ ಕೇಳಿ ಬರ್ರಿ. ಮ್ಯಾಲೊಬ್ಬ ನೋಡಕೊಳ್ತಾನ ಅನ್ನಬ್ಯಾಡ್ರಿ.

ಆದ್ರ ಆ ಮುಂಜಾನಿ ಮಾತು ಇನ್ನೂ ಉಳದೈತಿ.

ಇಮಾನ ಹೋದ ಮ್ಯಾಲ ಎಲ್ಲಾರೂ ಮೈ ಝಾಡಿಸಿ ಎದ್ರು. ತಮ್ಮ ತಮ್ಮ ರುಮಾಲ ಎತ್ತಿಕೊಂಡ್ರು. ಆದ್ರ ಯಾರೂ ಸುತ್ತಿಕೊಳ್ಳವಲ್ಲರು, ಯಾಕಂದ್ರ ಗೌಡ್ರು ಸುತ್ತಿಕೊಂಡಿರಲಿಲ್ಲ. ಗೌಡ್ರು ಒಡ್ಡಿನ ಮ್ಯಾಲ ಬರೀ ತಲೀಲೆ ಕುಂತಿದ್ರು. ರುಮಾಲ ಮುಂದ ಮಣ್ಣಾಗ ಬಿದ್ದಿತ್ತು. ನೆತ್ತಿ ಮ್ಯಾಲ ಕೂದಲ ಇರಲಿಲ್ಲ, ಅದನ್ನ ಆ ಊರವರು ಅಲ್ಲಿಮಟ ನೋಡಿರಲಿಲ್ಲ. ಗೌಡ್ರ ತಮ್ಮ ಹತ್ರ ಹೋಗಿ, "ಅಣ್ಣಾ, ಸುತ್ತಿಕೋ" ಅಂದ. "ಬಿದ್ದ ರುಮಾಲ ನಾನ ಎತ್ತಿ ಸುತ್ತಿಕೊಳ್ಳಲ್ಯಾ?" ಅಂದ್ರು. "ಮತ್ತ ಬೀಗರು ಸುತ್ತಿಸಬೇಕಂದ್ರ ಸತ್ತವರು ಯಾರು?" ಅಂದ ತಮ್ಮ. ನಾ ಅಪರಾಧಿ ಹಂಗ ನಿಂತಿದ್ದೆ. ಜೀವ ಉಳಿಸಿದ್ವಿ, ಖರೆ. ಒಬ್ಬನ ಮಾನ ನೆಲದ ಮ್ಯಾಲ ಬಿದ್ದಿತ್ತು, ಅದೂ ಖರೆ.

ಅಷ್ಟರಾಗ ಕಣದಿಂದ ಜೀಪ ಬಂತು. ಸೋಧಿ ಸಾಹೇಬ್ರು ಇಳದು ಓಡಿ ಬಂದವರು, ಮದ್ಲ ನನ್ನ ಹಿಡಕೊಂಡು ಅಲ್ಲಾಡಿಸಿದ್ರು. "ಹಳದಿ ರೆಕ್ಕಿ ನನ್ನ ಕಿಡಕಿ ಮುಂದ ಹೋತು, ಸಿದ್ದು. ಎಲ್ಲಿ ಹೋತು ನಿನ್ನ ನಿಶಾನಿ ಸಾಲ, ಒಮ್ಮಿಗೇ?" ಅಂದ್ರು. ನಾ ಗೌಡ್ರ ಕಡಿ ಕೈ ಮಾಡಿ ತೋರಿಸಿದೆ, ಮಣ್ಣಾಗ ಬಿದ್ದ ರುಮಾಲ ತೋರಿಸಿದೆ. ಆಮ್ಯಾಲ ನನ್ನ ಬಿಜಾಪುರ ಹಿಂದ್ಯಾಗ ಎಲ್ಲಾ ಬಿಡಿಸಿ ಹೇಳಿದೆ.

ಪಗಡಿ ಅಂದ್ರ ಏನು ಅಂತ ಅವರಿಗಿ ತಿಳಿಸಿ ಹೇಳಬೇಕಾಗಿರಲಿಲ್ಲ. ಸುಮ್ಮನ ಬಗ್ಗಿ ರುಮಾಲ ಎತ್ತಿಕೊಂಡ್ರು. ಮಣ್ಣು ಝಾಡಿಸಿದ್ರು. ಒಂದ ಚುಂಗು ಮಾಳಪ್ಪನ ಕೈಯಾಗ ಕೊಟ್ಟು ಜಗ್ಗಿ ಹಿಡಿ ಅಂದ್ರು, ಉದ್ದಕ ಮಡಚಿದ್ರು. ಆಮ್ಯಾಲ ಗೌಡ್ರ ಮುಂದ ಮೊಣಕಾಲೂರಿ, ಅವರ ತಲಿಗೆ ಸುತ್ತಾಕ ಹತ್ತಿದ್ರು. ನಮ್ಮ ಕಡಿ ಸುತ್ತ ಅಲ್ಲ, ಪಂಜಾಬದ ಸುತ್ತ. ಹಣಿ ಮ್ಯಾಲ ಚೂಪಗ ಮೂಲಿ ಬಂತು, ಕಿವಿ ಮುಚ್ಚಿದ್ವು. ಗೌಡ್ರು ಕಣ್ಣ ಮುಚ್ಚಿಕೊಂಡು ಸಣ್ಣ ಹುಡುಗನ ಹಂಗ ಕುಂತಿದ್ರು. ಸಾಹೇಬ್ರು ಸುತ್ತಿ ಮುಗಿಸಿ ಅವರ ಎರಡೂ ಕಾಲ ಮುಟ್ಟಿದ್ರು.

ಗೌಡ್ರು ಎದ್ರು. ಕಿವಿ ಮ್ಯಾಲ ಕೈ ಆಡಿಸಿ ನೋಡಿಕೊಂಡ್ರು. ಬಿಚ್ಚಿ ನಮ್ಮಂಗ ಸುತ್ತಿಕೊಳ್ರಿ ಅಂತ ಯಾರೋ ಅಂದ್ರು, ಅವನ ಕಡಿ ಹೊಳ್ಳಿ ಸೈತ ನೋಡಲಿಲ್ಲ. ಅದ ಪಂಜಾಬಿ ಪಗಡಿ ಮ್ಯಾಲ ಊರ ಅಗಸಿ ಬಾಗಲದಾಗಿಂದ ನಡದ್ರು, ಹಿಂದ ನಾವೆಲ್ಲಾ. ಓಣ್ಯಾಗ ಒಬ್ಬರೂ ನಗಲಿಲ್ಲ. ಮನಿ ಹೊಸ್ತಿಲದಾಗ ಗೌಡಸಾನಿ ನಿಂತಿದ್ರು. ಗಂಡನ ತಲಿ ನೋಡಿ ಎದಿ ಮ್ಯಾಲ ಕೈ ಇಟ್ಟುಕೊಂಡು, "ಅಯ್ಯ ಶಿವನ! ರುಮಾಲ ಯಾರ ಸುತ್ತಿಸ್ಯಾರ್ರಿ? ಯಾರ ಸತ್ರು?" ಅಂದ್ರು.

ಗೌಡ್ರು ಸೋಧಿ ಸಾಹೇಬ್ರ ಕೈ ಹಿಡದು ಮುಂದ ತಂದ್ರು.

"ಬೀಗರು ಬಂದಾರ, ಎಲಿ ಹಾಕು" ಅಂದ್ರು. "ಯಾರೂ ಸತ್ತಿಲ್ಲ. ಅದಕ್ಕ ಸುತ್ತಿಸ್ಯಾರ."